ಕ್ರೀಟಿಗೆ ಯಾವ ಪುಸ್ತಕ

ಫೆಬ್ರವರಿ 5, ಸೋಮವಾರ

ಬಿಪಿ 150–90. ದಿನಾ ಬರೆದಿಡಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಮೊಮ್ಮಗಳು ದೇವಿಕಾ ತನ್ನ ಫ್ಯಾಕ್ಟರಿಯ ಡೈರಿಯನ್ನು ನನಗೆ ಕೊಟ್ಟಿದ್ದಾಳೆ. ಇಷ್ಟು ದೊಡ್ಡ ಪುಟದಲ್ಲಿ ಎರಡು ಅಂಕಿ ಬರೆದು ಉಳಿದದ್ದನ್ನು ಖಾಲಿ ಬಿಡಲು ಮನಸ್ಸು ಬರುವುದಿಲ್ಲ. ಬುಕ್ಕಸಾಗರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ. ಕಲಿಸಿದ ಮೇಷ್ಟ್ರು ಇಲ್ಲ, ಜೊತೆಗೆ ಕಲಿತವರೂ ಹೆಚ್ಚಿಲ್ಲ. ತಪ್ಪು ತಿದ್ದುವವರಿಲ್ಲದ ಮೇಲೆ ಬರೆಯಲು ಭಯವೇನು?

ಇವತ್ತು ಊಟಕ್ಕೆ ಕುಳಿತಾಗ ದೇವಿಕಾ, ಮೇ ತಿಂಗಳಲ್ಲಿ ತಾನು ಕ್ರೀಟಿಗೆ ಹೋಗುತ್ತೇನೆ ಎಂದಳು. ಗ್ರೀಸ್ ದೇಶದ ದ್ವೀಪವಂತೆ, ಭೂಮಧ್ಯ ಸಮುದ್ರದಲ್ಲಿದೆಯಂತೆ. ಹೋಗುವ ದಾರಿಯೂ ಸೇರಿ ಐದು ದಿನ ಸಮುದ್ರದ ದಂಡೆ, ಐದು ದಿನ ಬೆಟ್ಟದಲ್ಲಿ ನಡಿಗೆ. ಯಾರ ಜೊತೆ ಎಂದು ಅವಳ ಅಪ್ಪ ಕೇಳಿದ. ಒಬ್ಬಳೇ ಎಂದಳು.

ನನ್ನ ಮಗ ಜಂಬುನಾಥ ಕಂಪನಿ ಬಸ್ಸಿನ ಡ್ರೈವರು. ಮಾತು ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ಇನ್ನೂ ಕಡಿಮೆ. ಆಗ ದೇವಿಕಾ ಆರು ವರ್ಷದವಳು, ಈಗ ಇಪ್ಪತ್ತಾರು. ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅದಿರು ಪುಡಿ ಮಾಡಿ ಪರೀಕ್ಷೆ ಮಾಡುತ್ತಾಳೆ. ಹಟ ಮಾಡಿ ಹೊರಟರೆ ತಡೆಯುವವರಿಲ್ಲ. ಆದರೆ ಒಪ್ಪಿಗೆ ಇಲ್ಲದೆ ಹೊಸ್ತಿಲು ದಾಟುವ ಹುಡುಗಿಯಲ್ಲ ಅವಳು. ಹಾಗೆ ಬೆಳೆಸಿದವಳು ನಾನೇ.

ಜಂಬುನಾಥ ರೊಟ್ಟಿಯನ್ನು ತಟ್ಟೆಗೆ ಇಟ್ಟ. "ನಿಮ್ಮಜ್ಜಿ ಹೂಂ ಅಂದ್ರ ಹೋಗು" ಎಂದ. ನಾನು ಊಹೂಂ ಅನ್ನುತ್ತೇನೆಂದು ಅವನ ಲೆಕ್ಕ. ತಾನು ಕೆಟ್ಟವನಾಗಬಾರದು, ಪ್ರಯಾಣವೂ ನಿಲ್ಲಬೇಕು. ಇಬ್ಬರೂ ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಬಡಿಸಿದೆ.

ಫೆಬ್ರವರಿ 6, ಮಂಗಳವಾರ

ಬಿಪಿ 148–90.

ಬೆಳಿಗ್ಗೆ ಆರಕ್ಕೆ ಅವಳು ಹೋದಳು. ಅವನು ಅದಕ್ಕೂ ಮೊದಲೇ. ಸಂಜೆಯವರೆಗೆ ನಾನು ಮಾತಾಡಿದ್ದು ಮೂರು ಸಲ. ಹಾಲಿನವನಿಗೆ ನೀರು ಕಮ್ಮಿ ಹಾಕು ಎಂದೆ. ಬಾಗಿಲಿಗೆ ಬಂದ ದನಕ್ಕೆ ಹೋಗು ಎಂದೆ. ಕುಕ್ಕರು ಕೂಗಿದಾಗ ಸಾಕು ಸುಮ್ಮನಿರು ಎಂದೆ. ಮಾತು ಕೇಳಿದ್ದು ಕುಕ್ಕರು ಒಂದೇ.

ಫೆಬ್ರವರಿ 11, ಭಾನುವಾರ

ಬಿಪಿ 146–88.

ದೇವಿಕಾಗೆ ರಜೆ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಂದು ಕುಳಿತು ಫೋನು ತೋರಿಸಿದಳು. ಬೆಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದಕ್ಕೆ ಗೈಡ್ ಬುಕ್ಕು ಬೇಕು. ಮೂರು ಕಂಪನಿಯವು ಇವೆ. ಒಂದರದು ಬಿಳಿ ರಟ್ಟು, ಒಂದರದು ಕಂದು, ಇನ್ನೊಂದು ಬರೀ ಚಿತ್ರಗಳ ದಪ್ಪ ಪುಸ್ತಕ. ಬೆನ್ನಿನ ಮೇಲೆ ಹೊತ್ತು ಬೆಟ್ಟ ಹತ್ತಬೇಕಾದ್ದರಿಂದ ಒಂದೇ ತರಿಸುವುದು. "ಯಾವುದಂತ ನೀನ ಆರಿಸಜ್ಜಿ" ಎಂದಳು.

ಇದು ಬೆಣ್ಣೆ ಹಚ್ಚುವ ಕೆಲಸ. ಪುಸ್ತಕ ಆರಿಸಿದವಳು ಪ್ರಯಾಣ ಬೇಡ ಅನ್ನಲು ಬರುವುದಿಲ್ಲವೆಂದು ಅವಳಿಗೆ ಗೊತ್ತು. ನಾನು ನೋಡದ ಊರಿನ ಪುಸ್ತಕ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನನಗೇನು ಗೊತ್ತು ಎಂದೆ. ಅವಳು ಫೋನು ಮಡಿಲಲ್ಲಿ ಮಗುಚಿಟ್ಟಳು.

ಜಡೆ ಹಾಕುತ್ತಿರುವಾಗ ನನಗೇ ಹೊಳೆಯಿತು. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಮೂವತ್ತು ವರ್ಷ ನಾನು ಹಂಪಿಯಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರಿದವಳು. ಬಿಳಿ ಜನ ಆ ಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಅದೇ ಕಂಪನಿಗಳು ನಮ್ಮ ದೇಶದ ಬಗ್ಗೆಯೂ ಬರೆದಿವೆ. ಹಂಪಿಯ ಬಗ್ಗೆ ಯಾರು ನಿಜ ಬರೆದಿದ್ದಾರೋ ಅವರೇ ಕ್ರೀಟಿನ ಬಗ್ಗೆಯೂ ನಿಜ ಬರೆದಿರುತ್ತಾರೆ.

ಹೇಳಿದೆ. ಅವಳು ಅರ್ಧ ಜಡೆಯಲ್ಲೇ ತಿರುಗಿ ನನ್ನ ಕೆನ್ನೆ ಹಿಂಡಿದಳು. ಎಣ್ಣೆ ಕೈ ಅವಳದಲ್ಲ, ನನ್ನದು. ಆದರೂ ಸೀರೆಗೆ ಎಣ್ಣೆಯಾಯಿತು.

ಫೆಬ್ರವರಿ 14, ಬುಧವಾರ

ಬಸ್ಸು ಹತ್ತಿ ಹಂಪಿಗೆ ಹೋದೆ. ನಾಲ್ಕು ವರ್ಷದ ಮೇಲೆ. ಸರ್ಕಾರದವರು ಬಜಾರಿನಿಂದ ಎಲ್ಲರನ್ನೂ ಎಬ್ಬಿಸಿದ ಮೇಲೆ ನಾವು ಹೊಸಪೇಟೆಯ ಬಾಡಿಗೆ ಮನೆಗೆ ಬಂದೆವು. ನಮ್ಮ ಯಜಮಾನರು ಬಂದ ಎರಡನೇ ವರ್ಷವೇ ತೀರಿಕೊಂಡರು. ನಮ್ಮ ಅಂಗಡಿ ಇದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ. ಒಂದು ಆಡು ನಮ್ಮ ಒಲೆ ಇದ್ದ ಕಡೆ ನಿಂತಿತ್ತು. ಓಡಿಸಲಿಲ್ಲ.

ಹಂಪಕ್ಕ ಇನ್ನೂ ಇದ್ದಾಳೆ. ಬಂದ ಜನ ಬಿಟ್ಟು ಹೋಗುವ ಪುಸ್ತಕಗಳನ್ನು ಕೂಡಿಸಿ ಮಾರುವವಳು, ಮೊದಲಿನಿಂದಲೂ. ಈಗ ಒಂದು ಛತ್ರಿಯ ಕೆಳಗೆ ಕೂರುತ್ತಾಳೆ. ಎಬ್ಬಿಸುವ ಕಾಲದಲ್ಲಿ ನನಗೂ ಅವಳಿಗೂ ಒಂದು ಮಾತು ಬಂದು ಗೆಳೆತನ ಬಿಟ್ಟುಹೋಗಿತ್ತು. ಯಾವ ಮಾತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆನಪಿಸಿಕೊಂಡೆ. ಬರಲಿಲ್ಲ.

"ಸತ್ತೀ ಅಂತ ಹೇಳಿದ್ರಲ್ಲಬೇ ನಿನ್ನ" ಎಂದಳು.

"ನಿನ್ನ ಮುಖ ನೋಡಿ ಸಾಯೋಣಂತ ಬಂದೆ" ಎಂದೆ.

ಕೂರಲು ಪುಸ್ತಕದ ಕಟ್ಟು ಸರಿಸಿ ಜಾಗ ಮಾಡಿದಳು. ನಾನು ಬಂದ ಕೆಲಸ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂವತ್ತು ವರ್ಷ ಬೈದ ಪುಸ್ತಕಗಳನ್ನು ಈಗ ಹುಡುಕಿಕೊಂಡು ಬಂದೆಯಾ ಎಂದಳು. ಬಿಳಿ ರಟ್ಟಿನದು ಮತ್ತು ಚಿತ್ರದ್ದು ಸಿಕ್ಕವು. ಕಂದು ರಟ್ಟಿನದು ಹಳೆಯ ಕಟ್ಟುಗಳಲ್ಲಿ ಮನೆಯಲ್ಲಿದೆ, ಮುಂದಿನ ವಾರ ಬಾ ಎಂದಳು. ಮಾರುವವರಿಗೆ ಎರಡು ಸಲ ಬರಿಸುವ ಬುದ್ಧಿ ಹುಟ್ಟಿನಿಂದ ಇರುತ್ತದೆ. ಮಧ್ಯಾಹ್ನದ ಊಟ ಅವಳ ಡಬ್ಬಿಯಲ್ಲೇ ಆಯಿತು. ಮೆಣಸಿನಕಾಯಿ ಹೆಚ್ಚಾಗಿತ್ತು. ಹೇಳಿದೆ. ಹೇಳದಿದ್ದರೆ ನನಗೆ ಹುಷಾರಿಲ್ಲ ಅಂದುಕೊಳ್ಳುತ್ತಿದ್ದಳು.

ಫೆಬ್ರವರಿ 18, ಭಾನುವಾರ

ದೇವಿಕಾ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ನಾನು ಸೊಪ್ಪು ಬಿಡಿಸುತ್ತಾ ಕೇಳಿದೆ.

ಚಿತ್ರದ ಪುಸ್ತಕ ಹೆಣ್ಣು ನೋಡಲು ಬಂದವರಿಗೆ ತೋರಿಸುವ ಫೋಟೋದಂತಿದೆ. ಎಲ್ಲ ಕಲ್ಲೂ ಬಂಗಾರದ ಬಣ್ಣ, ಒಂದು ಮಂಗ ಇಲ್ಲ, ಒಂದು ಸಗಣಿ ಇಲ್ಲ. ಯಾವ ಗುಡಿಯಿಂದ ಯಾವ ಗುಡಿಗೆ ಎಷ್ಟು ದೂರ ಎಂದು ಎಲ್ಲಿಯೂ ಬರೆದಿಲ್ಲ. ನೀರು ಎಲ್ಲಿ ಸಿಗುತ್ತದೆ ಎಂದೂ ಇಲ್ಲ. ಇದನ್ನು ಹೊತ್ತುಕೊಂಡು ಹೋದವಳು ಚೆಂದವಾಗಿ ದಾರಿ ತಪ್ಪುತ್ತಾಳೆ. ಬೇಡ ಎಂದೆ.

ಬಿಳಿ ರಟ್ಟಿನದರಲ್ಲಿ ಮಾತಂಗ ಬೆಟ್ಟಕ್ಕೆ ಇಪ್ಪತ್ತು ನಿಮಿಷದ ಸುಲಭ ನಡಿಗೆ ಎಂದಿದೆ. ಯಾರ ಕಾಲಿನ ಇಪ್ಪತ್ತು ನಿಮಿಷ, ಮಂಗನದೋ? ಹೊತ್ತು ಮುಳುಗುವವರೆಗೂ ಹೊಳೆ ದಾಟಲು ದೋಣಿ ಇರುತ್ತದೆ ಎಂದೂ ಇದೆ. ದೋಣಿಯವನಿಗೆ ಮನೆಗೆ ಹೋಗಬೇಕು ಅನ್ನಿಸಿದಾಗ ದೋಣಿ ನಿಲ್ಲುತ್ತದೆ. ಆಚೆ ದಡದಲ್ಲಿ ಕೈ ಬೀಸುತ್ತಾ ನಿಂತ ಎಷ್ಟು ಮಂದಿಯನ್ನು ನಾನು ಕಂಡಿಲ್ಲ? ಬರೆದವನು ಹೋಟೆಲಿನಲ್ಲಿ ಕೂತು ಬರೆದಿದ್ದಾನೆ. ಅದೂ ಬೇಡ.

ದೇವಿಕಾ ನಗುತ್ತಲೇ ಇದ್ದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಜಂಬುನಾಥ, ಮೂರನೆಯದೂ ಹಿಂಗೇ ಆದರೆ ಪ್ರಯಾಣ ಇಲ್ಲವಲ್ಲ ಎಂದ. ಅವನ ಮುಖದಲ್ಲಿ ಒಂದು ಆಸೆ ಇತ್ತು. ಅವಳ ನಗು ಇಳಿಯಿತು. ನಾನು ಯಾರ ಕಡೆ ಎಂದು ಇಬ್ಬರಿಗೂ ತಿಳಿಯದು. ನನಗೂ ಈವರೆಗೆ ತಿಳಿದಿಲ್ಲ.

ಅವಳು ಇಲ್ಲದ ಹತ್ತು ದಿನ ಭಾನುವಾರ ಯಾರ ತಲೆಗೆ ಎಣ್ಣೆ ಹಚ್ಚುವುದು? ಇದೊಂದೇ ಕಾರಣವಾಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಇನ್ನೊಂದಿದೆ.

ಫೆಬ್ರವರಿ 22, ಗುರುವಾರ

ಹಂಪಿಗೆ ಹೋಗಿ ಬಂದೆ. ಕಂದು ಪುಸ್ತಕ ಸಿಕ್ಕಿತು. ಇಪ್ಪತ್ತು ವರ್ಷ ಹಳೆಯದು, ಒಂದು ಮೂಲೆ ಇಲಿ ತಿಂದಿದೆ. ಹಳೆಯದಾದರೇನು, ನನಗೆ ಬೇಕಾದದ್ದು ಕಂಪನಿಯ ನಾಲಿಗೆ. ಹಂಪಕ್ಕನಿಗೆ ಕಡಿಮೆ ಮೆಣಸಿನಕಾಯಿಯ ಪಲ್ಯ ಹೇಗಿರುತ್ತದೆ ಎಂದು ತೋರಿಸಲು ಡಬ್ಬಿ ಒಯ್ದಿದ್ದೆ. ಸಪ್ಪೆ ಎಂದಳು. ಡಬ್ಬಿ ಮಾತ್ರ ಖಾಲಿ ಮಾಡಿದಳು.

ಫೆಬ್ರವರಿ 25, ಭಾನುವಾರ

ಕಂದು ಪುಸ್ತಕ ನಿಜ ಹೇಳುತ್ತದೆ.

ಏಪ್ರಿಲಿನಲ್ಲಿ ಬರಬೇಡಿ, ಬಂದರೆ ಹತ್ತು ಗಂಟೆಯೊಳಗೆ ನೆರಳು ಸೇರಿ ಎಂದಿದೆ. ಬರೆದವನ ನೆತ್ತಿ ಸುಟ್ಟಿರಬೇಕು. ಮಂಗ ಬಾಳೆಹಣ್ಣು ಕಸಿಯುತ್ತದೆ ಎಂದಿದೆ. ದೋಣಿಯನ್ನು ನಂಬಬೇಡಿ ಎಂದಿದೆ. ಮಳೆಯಾದ ಮೇಲೆ ಊರಿನವರನ್ನು ದಾರಿ ಕೇಳದೆ ಬೆಟ್ಟ ಹತ್ತಬೇಡಿ ಎಂದಿದೆ.

ಆಮೇಲೆ ದೇವಿಕಾ ಒಂದು ಸಾಲು ಓದಿ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ಜೋರಾಗಿ ನಕ್ಕಳು. ಹೊಳೆಗೆ ಇಳಿಯುವ ದಾರಿಯಲ್ಲಿ ಒಬ್ಬ ಹೆಂಗಸಿನ ಅಂಗಡಿ ಇದೆ. ಒಗ್ಗರಣೆ ಬಹಳ ರುಚಿ. ಆಕೆ ನಗುತ್ತಾಳೆಂದು ಕಾಯಬೇಡಿ. ಆದರೆ ಬೆಟ್ಟದ ದಾರಿಗಳು ಆಕೆಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಹತ್ತುವ ಮೊದಲು ಆಕೆಯನ್ನು ಕೇಳಿ.

"ನೀನ ಅಜ್ಜಿ ಇದು. ಪುಸ್ತಕದಾಗ ಬಂದೀಯ" ಎಂದಳು.

ತಲೆನೋವು ಎಂದು ಒಳಗೆ ಬಂದು ಮಲಗಿದೆ.

ಫೆಬ್ರವರಿ 26, ಸೋಮವಾರ

ಬಿಪಿ 170–100. ಬೇರೆ ಏನೂ ಬರೆಯುವುದಿಲ್ಲ.

ಮಾರ್ಚ್ 2, ಶನಿವಾರ

ಬರೆಯುತ್ತೇನೆ. ಯಾರು ಓದುತ್ತಾರೆ?

ದೇವಿಕಾ ಆಗ ಆರೇಳು ವರ್ಷದವಳು. ಮಳೆ ಬಂದು ಎರಡು ದಿನವಾಗಿತ್ತು. ಇಳಿಹೊತ್ತಿನಲ್ಲಿ ಅಂಗಡಿ ಎತ್ತುತ್ತಿದ್ದೆ. ಒಬ್ಬ ಬಿಳಿ ಹುಡುಗಿ ಬಂದಳು, ಒಬ್ಬಳೇ. ಕೈಯಲ್ಲಿ ಪುಸ್ತಕ. ಅದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿ, ನನ್ನನ್ನು ತೋರಿಸಿ, ನಕ್ಕಳು. "ಅಮ್ಮಾ, ಮಾತಂಗ?" ಎಂದಳು. ಬೆಟ್ಟಕ್ಕೆ ಎರಡು ದಾರಿ. ನಂದಿಯ ಕಡೆಯದು ಮೆಟ್ಟಿಲಿನದು. ಇನ್ನೊಂದು ಬಂಡೆಗಳ ಮೇಲಿನದು, ಮಳೆಗೆ ಅಲ್ಲಿ ಕಲ್ಲು ಸಡಿಲವಾಗಿತ್ತು. ನನಗೆ ಗೊತ್ತಿತ್ತು.

ಕೈಯಲ್ಲಿದ್ದ ಮಿರ್ಚಿ ಎತ್ತುವ ಜಾರೆಯಿಂದ ಬಂಡೆಯ ದಾರಿ ತೋರಿಸಿದೆ.

ಅವತ್ತು ಮಂಗ ಬಂದು ಎಣ್ಣೆ ಡಬ್ಬ ಉರುಳಿಸಿತ್ತು, ಸಿಟ್ಟಿನಲ್ಲಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಣ್ಣೆ ಚೆಲ್ಲಿದ್ದು ಸುಳ್ಳಲ್ಲ. ಆದರೆ ಕಾರಣ ಎಣ್ಣೆಯಲ್ಲ. ಆ ಹುಡುಗಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಆ ವಯಸ್ಸಿನಲ್ಲಿ ನಾನು ಒಂದು ಮಗುವನ್ನು ಎತ್ತಿಕೊಂಡು ಇನ್ನೊಂದನ್ನು ಹೂತು ಬಂದಿದ್ದೆ. ಕಂಪ್ಲಿ ಬಿಟ್ಟರೆ ಬೇರೆ ಊರು ಕಂಡಿರಲಿಲ್ಲ. ಇವಳು ಯಾವುದೋ ದೇಶದಿಂದ ಕೂದಲು ಬಿಟ್ಟುಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಹೊತ್ತು ಮುಳುಗುವುದನ್ನು ನೋಡಲು ಬೆಟ್ಟ ಹತ್ತುತ್ತಾಳೆ. ಹೊತ್ತು ಮುಳುಗುವುದನ್ನು ನಾನು ದಿನಾ ನೋಡುತ್ತಿದ್ದೆ, ಪಾತ್ರೆ ತಿಕ್ಕುತ್ತಾ. ಹೋಗು, ಸ್ವಲ್ಪ ಮೊಣಕಾಲು ತರಚಲಿ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ಅದಕ್ಕಿಂತ ಹೆಚ್ಚಿಲ್ಲ.

ಮರುದಿನ ಬೆಳಿಗ್ಗೆ ಆಡು ಕಾಯುವ ದೊಡ್ಡಬಸಪ್ಪನಿಗೆ ಸಿಕ್ಕಳು. ಕಾಲು ಎರಡು ಕಡೆ ಮುರಿದಿತ್ತು. ರಾತ್ರಿಯೆಲ್ಲ ಬಂಡೆಗಳ ನಡುವೆ ಬಿದ್ದಿದ್ದಳು. ಮಂಚದ ಮೇಲೆ ಹೊತ್ತು ನನ್ನ ಅಂಗಡಿಯ ಮುಂದೆಯೇ ತಂದರು. ನೀರು ಕೊಡು ಎಂದರು. ಕೊಟ್ಟೆ. ಕುಡಿದು ನನ್ನ ಕೈ ಹಿಡಿದುಕೊಂಡಳು. ಗಾಡಿ ಬರುವವರೆಗೂ ಬಿಡಲಿಲ್ಲ. ನಾನು ತಪ್ಪು ದಾರಿ ತೋರಿಸಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹಾಗೆ ಮಾಡುವವಳು ಎಂದು ಅವಳ ಪುಸ್ತಕದಲ್ಲಿ ಬರೆದಿರಲಿಲ್ಲವಲ್ಲ.

ದಾರಿ ಕೇಳಲು ಇಡೀ ಬಜಾರು ಬಿಟ್ಟು ನನ್ನ ಹತ್ತಿರ ಯಾಕೆ ಬಂತು ಆ ದಡ್ಡ ಹುಡುಗಿ ಎಂದು ಇಪ್ಪತ್ತು ವರ್ಷ ಬೈದೆ. ಹೋದ ಭಾನುವಾರ ಗೊತ್ತಾಯಿತು.

ಮಾರ್ಚ್ 10, ಭಾನುವಾರ

ಮರಿಯಮ್ಮನಹಳ್ಳಿಯಿಂದ ದೇವಿಕಾಳನ್ನು ನೋಡಲು ಬರುತ್ತೇವೆಂದು ಯಾರೋ ಫೋನು ಮಾಡಿದ್ದರು. ಊರೂರು ತಿರುಗುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ಇವತ್ತು ಹೇಳಿಬಿಡು ಅವ್ವ ಎಂದು ಜಂಬುನಾಥ ನನ್ನ ಮುಂದೆ ಕುಳಿತ. ದೇವಿಕಾ ಕಂದು ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಅದೇ ಕಂಪನಿಯದು ತರಿಸೋಣ ಅಲ್ವಾ ಅಜ್ಜಿ ಎಂದು ಎರಡು ವಾರದಿಂದ ಕೇಳುತ್ತಿದ್ದಾಳೆ. ನಾನು ಉತ್ತರ ಕೊಟ್ಟಿರಲಿಲ್ಲ.

ಆ ಸಾಲು ಇನ್ನೊಮ್ಮೆ ಓದು ಎಂದೆ. ಓದಿದಳು. ಆಮೇಲೆ ಇಬ್ಬರಿಗೂ ಹೇಳಿದೆ. ಇಲ್ಲಿ ಬರೆದಷ್ಟೂ ಹೇಳಿದೆ. ಎಣ್ಣೆಯದನ್ನೂ, ಎಣ್ಣೆಯಲ್ಲದ್ದನ್ನೂ.

ಹೊರಗೆ ಹಣ್ಣಿನ ಗಾಡಿಯವನು ಕೂಗುತ್ತಾ ಹೋದ. ದೇವಿಕಾ ಪುಸ್ತಕ ಮುಚ್ಚಿದಳು.

ಮೊದಲು ಮಾತಾಡಿದವನು ಜಂಬುನಾಥ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ನೋಡಿದಿಯಾ ದೇವಿ" ಎಂದ. "ನಮ್ಮವ್ವನೇ ಹಂಗ ಮಾಡ್ಯಾಳ. ಅಲ್ಲಿ ಯಾರಿಗೆ ಯಾರು? ಹೋಗಬ್ಯಾಡ."

ಸರಿಯಾದ ಮಾತು. ಇಪ್ಪತ್ತು ವರ್ಷ ನಾನು ಇಟ್ಟುಕೊಂಡಿದ್ದ ಮಾತು ಅದೇ. ದೇವಿಕಾ ಕೇಳಿದ ದಿನದಿಂದ ಊಹೂಂ ಎಂದು ನಾಲಿಗೆಯ ತುದಿಯಲ್ಲಿದ್ದದ್ದೂ ಅದಕ್ಕೇ. ಆದರೆ ಅವನ ಬಾಯಿಂದ ಕೇಳಿದಾಗ ಬೇರೆ ಥರ ಕೇಳಿಸಿತು. ತಪ್ಪು ಮಾಡಿದವಳು ನಾನು. ಮನೆಯಲ್ಲಿ ಕೂರುವವಳು ಇವಳು.

"ನನ್ನಂಥಾಕಿ ಎಲ್ಲಾ ಊರಾಗೂ ಇರ್ತಾಳ" ಎಂದೆ. "ಅದಕ್ಕಂತ ಹುಡುಗ್ಯಾರು ಬೆಟ್ಟ ಹತ್ತಾದು ಬಿಡಬೇಕೇನು? ಆಕಿ ಹತ್ತಿದ್ದು ತಪ್ಪಲ್ಲ. ನಾ ತೋರ್ಸಿದ್ದು ತಪ್ಪು. ಹೋಗಲಿ ಅವಳು. ನಾ ಹೂಂ ಅಂದೀನಿ."

ಜಂಬುನಾಥ ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ದೇವಿಕಾ ಹೂಂ ಕೇಳಿಯೂ ನನ್ನ ಕಡೆ ನೋಡಲಿಲ್ಲ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ.

ಮಾರ್ಚ್ 12, ಮಂಗಳವಾರ

ಶಿಫ್ಟಿಗೆ ಹೋಗುವಾಗ ಡಬ್ಬಿ ತೆಗೆದುಕೊಂಡಳು. ಬರ್ತೀನಿ ಎಂದಳು. ಮುಂಚೆ, ಬರ್ತೀನಿ ಅಜ್ಜಿ ಎನ್ನುತ್ತಿದ್ದಳು.

ಮಾರ್ಚ್ 15, ಶುಕ್ರವಾರ

ಹಂಪಕ್ಕನ ಹತ್ತಿರ ಹೋಗಿ ಕುಳಿತು ಬಂದೆ. ಅವಳಿಗೂ ಹೇಳಿದೆ. ಅವಳು ಬಹಳ ಹೊತ್ತು ಪುಸ್ತಕಗಳ ಧೂಳು ಒರೆಸಿದಳು. ಅವತ್ತು ಮಂಚದ ಹಿಂದೆ ತಾನೂ ನಡೆದದ್ದು ನೆನಪಿದೆ ಎಂದಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಬೈದಿದ್ದರೆ ಬಸ್ಸಿನಲ್ಲಿ ಬರುವಾಗ ಎದೆ ಇಷ್ಟು ಭಾರ ಇರುತ್ತಿರಲಿಲ್ಲ. ಸಂಜೆ ಬಸ್ಸಿನವರೆಗೂ ಬಂದು ಹತ್ತಿಸಿದಳು.

ಮಾರ್ಚ್ 17, ಭಾನುವಾರ

ಬೆಳಿಗ್ಗೆ ಎಣ್ಣೆ ಬಟ್ಟಲು ತಾನೇ ತಂದು ನನ್ನ ಮುಂದೆ ಬೆನ್ನು ಮಾಡಿ ಕುಳಿತಳು. ನಾನು ಹಚ್ಚಿದೆ. ಅರ್ಧ ಆದ ಮೇಲೆ, "ಆಕಿ ಕಾಲು ನೆಟ್ಟಗಾತಾ ಅಜ್ಜಿ?" ಎಂದಳು. ಗೊತ್ತಿಲ್ಲ ಎಂದೆ. ಆಸ್ಪತ್ರೆಗೆ ಹೋಗಿ ನೋಡಲಿಲ್ಲವಾ ಎಂದಳು. ಇಲ್ಲ ಎಂದೆ. ಹೊಸಪೇಟೆಗೆ ಸಂತೆಗೆಂದು ಎರಡು ಸಲ ಬಂದಿದ್ದೆ, ಆಸ್ಪತ್ರೆಯ ಗೇಟಿನವರೆಗೆ ಒಂದು ಸಲ ಹೋಗಿದ್ದೆ, ಅದನ್ನೂ ಹೇಳಿದೆ.

ಅವಳು ಜಡೆ ಮುಗಿದ ಮೇಲೂ ಎದ್ದು ಹೋಗಲಿಲ್ಲ. ನಾನು ಅವಳ ಬೆನ್ನಿಗೇ ಹೇಳಿದೆ: ಕಂದು ಪುಸ್ತಕ ತರಿಸು. ಬೆಟ್ಟ, ಬಿಸಿಲು, ದೋಣಿ ಎಲ್ಲದರಲ್ಲೂ ಅದನ್ನು ನಂಬು. ಮನುಷ್ಯರ ವಿಷಯದಲ್ಲಿ ನಂಬಬೇಡ. ನನ್ನ ಬಗ್ಗೆ ಬರೆದವನೂ ಸುಳ್ಳು ಬರೆದಿರಲಿಲ್ಲ. ಅವನು ಬಂದ ದಿನ ನಾನು ದಾರಿ ಸರಿಯಾಗಿಯೇ ಹೇಳಿರಬೇಕು. ಪುಸ್ತಕ ಅಚ್ಚಾದ ಮೇಲೆ ಬದಲಾಗುವುದಿಲ್ಲ. ಮುದುಕಿ ದಿನಕ್ಕೊಂದು ಥರ.

"ದಾರಿ ಕೇಳೋ ಮುಂದ ಮುಖ ನೋಡು" ಎಂದೆ. "ಸಿಟ್ಟಿನಾಗಿರೋ ಮುದುಕಿನ ಕೇಳಬ್ಯಾಡ."

ಅವಳ ಬೆನ್ನು ಅಲ್ಲಾಡಿತು. ನಕ್ಕಳೋ ಅತ್ತಳೋ ನಾನು ತಿರುಗಿಸಿ ನೋಡಲಿಲ್ಲ.

ಏಪ್ರಿಲ್ 9, ಮಂಗಳವಾರ, ಯುಗಾದಿ

ಕ್ರೀಟಿನ ಪುಸ್ತಕ ಕೊರಿಯರಿನಲ್ಲಿ ಬಂತು. ಬೇವು ಬೆಲ್ಲ ತಿಂದ ಕೈ ತೊಳೆದು ಮುಟ್ಟಿದೆ. ಹೊಸ ವಾಸನೆ. ದೇವಿಕಾ ಹೋಗುವ ದಾರಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದಿದ್ದಾಳೆ. ಎಲ್ಲಿ ಮಲಗುತ್ತಾಳೋ ಅಲ್ಲಿಗೆಲ್ಲ ನಾನು ಕುಂಕುಮದ ಚುಕ್ಕೆ ಇಟ್ಟೆ. ಪುಸ್ತಕ ಹಾಳಾಯಿತು ಎಂದಳು. ಅಳಿಸಲಿಲ್ಲ.

ಜಂಬುನಾಥ ಹಬ್ಬದ ಊಟ ಮಾಡಿದ, ಪುಸ್ತಕದ ಕಡೆ ನೋಡಲಿಲ್ಲ. ಕೈ ತೊಳೆದು ಬಂದು, ಮೇ ತಿಂಗಳಲ್ಲಿ ಅಲ್ಲಿ ಚಳಿಯೋ ಬಿಸಿಲೋ ಎಂದು ಕೇಳಿದ. ಯಾರನ್ನು ಎಂದು ಗೊತ್ತಾಗದಂತೆ ಕೇಳಿದ.

ಮೇ 4, ಶನಿವಾರ

ಹೋದಳು. ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ. ಸ್ಟೇಷನ್ನಿಗೆ ಅವಳಪ್ಪ ಬಿಟ್ಟು ಬಂದ. ಬಂದವನು ಚಪ್ಪಲಿ ಬಿಚ್ಚದೆ ಹೊಸ್ತಿಲ ಮೇಲೆ ಕುಳಿತ. 'ಅವಳ ಸೀಟು ಕಿಟಕಿ ಪಕ್ಕ' ಎಂದ.

ಮೇ 8, ಬುಧವಾರ

ದಿನಾ ಫೋನು ಬರುತ್ತದೆ. ಸಮುದ್ರ ತೋರಿಸಿದಳು. ನೀಲಿ ಎಂದರೆ ನೀಲಿಯಲ್ಲ, ಬಟ್ಟೆಗೆ ಹಾಕುವ ನೀಲಿ ಹೆಚ್ಚಾದಂತೆ. ನಾಳೆಯಿಂದ ಬೆಟ್ಟ. ದಿನಾ ಫೋನು ಆಗಲಿಕ್ಕಿಲ್ಲ, ಹೆದರಬೇಡಿ ಎಂದಿದ್ದಾಳೆ. ಇಲ್ಲಿ ಸೆಕೆ, ಫ್ಯಾನು ಬಿಸಿಗಾಳಿ ತಿರುಗಿಸುತ್ತದೆ. ಹಂಪಕ್ಕ ಬಂದು ಎರಡು ದಿನವಾಯಿತು. ಅವಳ ಗೊರಕೆಗೆ ಪಕ್ಕದ ಮನೆಯವರು ಎದ್ದರು.

ಮೇ 10, ಶುಕ್ರವಾರ

ಫೋನಿಲ್ಲ. ಹಂಪಕ್ಕ ಊರಿಗೆ ಹೋದಳು. ಇರು ಎನ್ನಬೇಕಾಗಿತ್ತು.

ಮೇ 11, ಶನಿವಾರ

ಇವತ್ತೂ ಇಲ್ಲ. ಜಂಬುನಾಥ ಕೆಲಸಕ್ಕೆ ಹೋಗಲಿಲ್ಲ. ನೀನೇ ಕಳಿಸಿದ್ದು ಎಂದು ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಮಾಡಿದ ಅಡುಗೆಯನ್ನು ಇಬ್ಬರೂ ಉಣ್ಣದೆ ಮುಚ್ಚಿಟ್ಟೆವು. ಬೆಟ್ಟ ಎಂದರೆ ನನಗೆ ಒಂದೇ ಬೆಟ್ಟ ಗೊತ್ತು. ಕಣ್ಣು ಮುಚ್ಚಿದರೆ ಬಂಡೆಗಳ ನಡುವೆ ಬಿದ್ದವಳ ಮುಖ ಕಾಣುತ್ತದೆ. ಅದು ಯಾರ ಮುಖ ಎಂದು ನೋಡಲು ಧೈರ್ಯ ಇಲ್ಲ.

ಮೇ 12, ಭಾನುವಾರ

ಹನ್ನೊಂದೂವರೆಗೆ ಫೋನು ಬಂತು. ಜಂಬುನಾಥ ಎರಡು ಸಲ ತಪ್ಪು ಕಡೆ ಒತ್ತಿದ.

ಅವಳಿಗೆ ಏನೂ ಆಗಿಲ್ಲ. ಬೆಟ್ಟದ ಮೇಲೆ ದಾರಿ ಎರಡಾಗುವ ಕಡೆ ಎಡಕ್ಕೆ ಹತ್ತಬೇಕೆಂದು ಪುಸ್ತಕದಲ್ಲಿತ್ತಂತೆ. ಎಡಕ್ಕೆ ಹೊರಟಿದ್ದಾಳೆ. ಅಲ್ಲೊಂದು ಕುರಿದೊಡ್ಡಿ, ಪಕ್ಕದಲ್ಲಿ ಒಂದು ಮನೆ. ಮನೆಯಿಂದ ಕಪ್ಪು ಬಟ್ಟೆಯ ಒಬ್ಬ ಮುದುಕಿ ಓಡಿ ಬಂದು ಕೋಲು ಅಡ್ಡ ಹಿಡಿದಳಂತೆ. ಆಕಾಶ ತೋರಿಸಿ ಬೈದಳಂತೆ. ಇವಳು ಪುಸ್ತಕ ತೆಗೆದು ತೋರಿಸಿದರೆ, ಅದನ್ನು ಕಸಿದು ಸೆರಗಿನಂಥ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳಂತೆ. ಅರ್ಧ ತಾಸಿನಲ್ಲಿ ಮಂಜು ಇಳಿದು ಸ್ವಂತ ಕೈ ಕಾಣದಂತಾಯಿತು, ಎರಡು ದಿನ ಮಂಜು ಸರಿಯಲಿಲ್ಲ. ಎರಡು ದಿನವೂ ಒಲೆಯ ಪಕ್ಕ ಮಲಗಿಸಿ, ಕಾಳಿನ ಸಾರು ಕುಡಿಸಿ, ಕಲ್ಲಿನಂಥ ಒಣ ರೊಟ್ಟಿ ನೆನೆಸಿ ತಿನ್ನಿಸಿದಳು. ನಮ್ಮ ಚಟ್ನಿಪುಡಿ ತಿಂದು ಆ ಮುದುಕಿ ಖಾರಕ್ಕೆ ಕಣ್ಣೀರು ಹಾಕಿ ಇನ್ನಷ್ಟು ಕೇಳಿದಳಂತೆ. ಇವತ್ತು ಬೆಳಕು ಹರಿದ ಮೇಲೆ ಪುಸ್ತಕ ವಾಪಸು ಕೊಟ್ಟು ಕಳಿಸಿದ್ದಾಳೆ. ಸಿಗ್ನಲ್ ಸಿಗುವ ಊರಿಗೆ ಇಳಿದ ಕೂಡಲೇ ಫೋನು ಮಾಡಿದೆ ಎಂದಳು.

ಜಂಬುನಾಥ ಮುಖ ಆಚೆ ತಿರುಗಿಸಿಕೊಂಡ. ನಾನು ಫೋನು ತೆಗೆದುಕೊಂಡೆ.

"ಮುಖ ನೋಡಿದಿಯೇನು ಆಕಿದು?"

"ನೋಡಿದೆ ಅಜ್ಜಿ. ಭಾಳ ಸಿಟ್ಟಿತ್ತು."

"ಮತ್ತ್ಯಾಕ ಕೇಳಿದಿ ಆಕಿ ಮಾತು?"

"ಸಿಟ್ಟು ನನ್ನ ಮ್ಯಾಲ ಇರಲಿಲ್ಲ ಅಜ್ಜಿ. ಮಂಜಿನ ಮ್ಯಾಲಿತ್ತು" ಎಂದಳು.

ಆಮೇಲೆ ಕೇಳಿದೆ, ಆಕೆಯ ಹೆಸರೇನು ಎಂದು. ದೇವಿಕಾಗೆ ಗೊತ್ತಿಲ್ಲ. ಭಾಷೆ ಬರುವುದಿಲ್ಲ, ಅಜ್ಜಿ ಎಂದೇ ಕರೆಯುತ್ತಿದ್ದೆ ಎಂದಳು. ಎರಡು ದಿನ ಉಂಡು ಹೆಸರು ಕೇಳದೆ ಬರುತ್ತಾರೇನೇ ಎಂದು ಬೈದೆ. ಆ ಮನೆ ಎಷ್ಟು ದೂರ ಎಂದೆ. ಅರ್ಧ ತಾಸು, ಪೂರ್ತಿ ಏರು ಎಂದಳು. ಮತ್ತೆ ಹತ್ತಿ ಕೇಳಿ ಬಾ ಎಂದೆ.

ಸಂಜೆ ಐದಕ್ಕೆ ಆಕೆಯ ಹೆಸರು ಮೆಸೇಜಿನಲ್ಲಿ ಬಂತು. ಜಂಬುನಾಥ ಓದಿದ. ಇನ್ನೊಮ್ಮೆ ಓದಿಸಿದೆ. ಎರಡು ಸಲ ಹೊಡೆದುಹಾಕಿ ಮೂರನೆಯ ಸಲಕ್ಕೆ ಸರಿಯಾಗಿ ಬರೆದಿದ್ದೇನೆ: ಗರಿಫಲಿಯಾ.

ದೊಡ್ಡಬಸಪ್ಪ ಇನ್ನೂ ಬದುಕಿದ್ದಾನೆ ಎಂದು ಹಂಪಕ್ಕ ಹೇಳಿದ್ದಳು. ಕಡ್ಡಿರಾಂಪುರದಲ್ಲಿ ಮಗಳ ಮನೆಯಲ್ಲಿದ್ದಾನಂತೆ. ಆ ಬಿಳಿ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸುವಾಗ ಜೊತೆಗೆ ಹೋದವನು ಅವನು. ಏನು ಹೆಸರು ಬರೆಸಿದಳು ಎಂದು ಅವನಿಗೆ ನೆನಪಿರಬಹುದು. ನಾಳೆ ಮೊದಲನೇ ಬಸ್ಸಿಗೆ ಹೋಗುತ್ತೇನೆ.